ಲಿಫ್ಟ್ ಏರುವ ವೇಗ, ನೌಕೆ ಹಾರುವ ವೇಗ

ಚೀನಾದ ಗುವಾಂಗ್‌ಝೌ ನಗರದ ಸಿಟಿಎಫ್ ಫೈನಾನ್ಸ್ ಸೆಂಟರ್ ಕಟ್ಟಡದಲ್ಲಿ ಹಿಟಾಚಿ ಕಂಪನಿಯ ಲಿಫ್ಟ್ ಒಂದಿದೆ. ಅದರ ವೇಗ ಸೆಕೆಂಡಿಗೆ 21 ಮೀಟರ್, ಎಂದರೆ ಗಂಟೆಗೆ ಸುಮಾರು 75 ಕಿಲೋಮೀಟರ್. ಒಂದನೇ ಮಹಡಿಯಿಂದ 95ನೇ ಮಹಡಿಯವರೆಗಿನ 440 ಮೀಟರನ್ನು ಅದು ಸುಮಾರು 42 ಸೆಕೆಂಡಿನಲ್ಲಿ ಏರುತ್ತದೆ. ಈ ಲಿಫ್ಟಿನ ದಾರಿಯನ್ನು ಮೇಲಕ್ಕೆ ಎಳೆಯುತ್ತಾ ಹೋಗಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವ 400 ಕಿಲೋಮೀಟರ್ ಎತ್ತರಕ್ಕೆ ಮುಟ್ಟಿಸಿದೆವು ಎಂದುಕೊಳ್ಳಿ. ಅದೇ ವೇಗದಲ್ಲಿ ಅಲ್ಲಿಗೆ ತಲುಪಲು ಸುಮಾರು ಐದೂಕಾಲು ಗಂಟೆ ಸಾಕು. ಬೆಂಗಳೂರಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವುದಕ್ಕಿಂತ ಬೇಗ.

ಆದರೆ ಅಲ್ಲಿ ಬಾಗಿಲು ತೆರೆದು ಹೊರಗೆ ಕಾಲಿಟ್ಟರೆ ತೇಲುವುದಿಲ್ಲ. ನೇರ ಕೆಳಗೆ ಬೀಳುತ್ತೀರಿ. ನಿಲ್ದಾಣವೋ ನಿಮ್ಮ ಪಕ್ಕದಲ್ಲಿ ಸೆಕೆಂಡಿಗೆ 7.66 ಕಿಲೋಮೀಟರ್ ವೇಗದಲ್ಲಿ ಹಾದುಹೋಗಿರುತ್ತದೆ. ಇಬ್ಬರೂ ಒಂದೇ ಎತ್ತರದಲ್ಲಿದ್ದರೂ ಒಬ್ಬರು ಬೀಳುತ್ತಾರೆ, ಇನ್ನೊಬ್ಬರು ಸುತ್ತುತ್ತಲೇ ಇರುತ್ತಾರೆ. ಲಿಫ್ಟ್ ಕೊಡುವುದು ಎತ್ತರವನ್ನು, ರಾಕೆಟ್ ಕೊಡುವುದು ವೇಗವನ್ನು. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಬಾಹ್ಯಾಕಾಶ ಯಾನದ ಬಗ್ಗೆ ಮುಕ್ಕಾಲು ಪಾಲು ಗೊಂದಲ ಹುಟ್ಟುತ್ತದೆ.

ಮೊದಲು ಲಿಫ್ಟ್

ನಮ್ಮ ಅಪಾರ್ಟ್‌ಮೆಂಟುಗಳ ಸಾಮಾನ್ಯ ಲಿಫ್ಟುಗಳ ವೇಗ ಸೆಕೆಂಡಿಗೆ 0.6ರಿಂದ 1.75 ಮೀಟರ್. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 1857ರಲ್ಲಿ ಜನರನ್ನು ಹೊತ್ತ ಓಟಿಸ್ ಲಿಫ್ಟಿನ ವೇಗ ಸೆಕೆಂಡಿಗೆ 20 ಸೆಂಟಿಮೀಟರ್ ಮಾತ್ರ. ಬುರ್ಜ್ ಖಲೀಫಾದಲ್ಲಿ ಅದು 10 ಮೀಟರ್, ತೈಪೆ 101ರಲ್ಲಿ 16.8 ಮೀಟರ್, ಶಾಂಘೈ ಟವರ್‌ನಲ್ಲಿ 20.5 ಮೀಟರ್. ಗಣಿಗಳಲ್ಲಿ ಈ ಬಗೆಯ ವೇಗ ಮೊದಲೇ ಇತ್ತು. ದಕ್ಷಿಣ ಆಫ್ರಿಕಾದ ಆಳವಾದ ಚಿನ್ನದ ಗಣಿಗಳಲ್ಲಿ ಕೆಲಸಗಾರರ ಪಂಜರ ಸೆಕೆಂಡಿಗೆ 15 ಮೀಟರಿಗೂ ಹೆಚ್ಚು ವೇಗದಲ್ಲಿ ಇಳಿಯುತ್ತದೆ. ನಮ್ಮ ಕೋಲಾರದ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳವಿತ್ತು. ಅಷ್ಟು ಆಳಕ್ಕೆ ಒಂದೇ ಹಗ್ಗದಲ್ಲಿ ಇಳಿಯಲಾಗದೆ, ಒಂದು ಶಾಫ್ಟಿನಲ್ಲಿ ಇಳಿದು, ಒಳಗೆ ನಡೆದು, ಇನ್ನೊಂದು ಶಾಫ್ಟಿಗೆ ಹೋಗಬೇಕಿತ್ತು.

ವೇಗವನ್ನು ಇನ್ನೂ ಯಾಕೆ ಹೆಚ್ಚಿಸಬಾರದು? ಮೋಟಾರಿಗೆ ಶಕ್ತಿ ಇಲ್ಲವೆಂದಲ್ಲ. ಹೆಚ್ಚಿಸಿದರೂ ಸಿಗುವ ಲಾಭ ಬೇಗನೆ ಕರಗಿಹೋಗುತ್ತದೆ ಎಂಬುದು ಮೊದಲ ಕಾರಣ. ನಿಂತಿರುವ ಲಿಫ್ಟ್ ಪೂರ್ಣ ವೇಗಕ್ಕೆ ಬರಲು ದೂರ ಬೇಕು, ಮತ್ತೆ ನಿಲ್ಲಲು ಅಷ್ಟೇ ದೂರ ಬೇಕು. ಪ್ರಯಾಣಿಕರಿಗೆ ತೊಂದರೆಯಾಗದಂತೆ ಪ್ರತಿ ಸೆಕೆಂಡಿಗೆ ಸುಮಾರು 1 ಮೀಟರಿನಷ್ಟು ಮಾತ್ರ ವೇಗ ಏರಿಸುತ್ತಾರೆ; ಇದೇ ವೇಗೋತ್ಕರ್ಷ. ಒಟ್ಟು ಸಮಯದ ಲೆಕ್ಕ ಬಹಳ ಸರಳ: ಎತ್ತರವನ್ನು ವೇಗದಿಂದ ಭಾಗಿಸಿ, ಅದಕ್ಕೆ ವೇಗವನ್ನು ವೇಗೋತ್ಕರ್ಷದಿಂದ ಭಾಗಿಸಿದ್ದನ್ನು ಕೂಡಿಸಿ. 400 ಮೀಟರ್ ಎತ್ತರಕ್ಕೆ 10 ಮೀಟರ್ ವೇಗದ ಲಿಫ್ಟ್ 50 ಸೆಕೆಂಡು ತೆಗೆದುಕೊಳ್ಳುತ್ತದೆ. 15 ಮೀಟರ್ ವೇಗದ್ದು 41.7 ಸೆಕೆಂಡು, 20 ಮೀಟರ್ ವೇಗದ್ದು 40 ಸೆಕೆಂಡು. ವೇಗ ದುಪ್ಪಟ್ಟಾದರೂ ಉಳಿದದ್ದು ಹತ್ತೇ ಸೆಕೆಂಡು! 20 ಮೀಟರ್ ವೇಗದ ಲಿಫ್ಟ್ ಮೊದಲ 200 ಮೀಟರ್ ವೇಗ ಏರಿಸಿಕೊಳ್ಳುತ್ತದೆ, ಉಳಿದ 200 ಮೀಟರ್ ಇಳಿಸಿಕೊಳ್ಳುತ್ತದೆ. ಫಲಕದಲ್ಲಿ ಬರೆದ ಆ ವೇಗ ನಡುವೆ ಒಂದು ಕ್ಷಣ ಮಾತ್ರ ಇರುತ್ತದೆ.

ಹತ್ತು ಮಹಡಿಯ ಅಪಾರ್ಟ್‌ಮೆಂಟಿಗೆ ಇದೇ ಲೆಕ್ಕ ಹಾಕಿದರೆ ಕೆಲಸಕ್ಕೆ ಬರುವ ಸಂಗತಿಯೊಂದು ತಿಳಿಯುತ್ತದೆ. 30 ಮೀಟರ್ ಎತ್ತರಕ್ಕೆ 1 ಮೀಟರ್ ವೇಗದ ಲಿಫ್ಟಿಗೆ 31 ಸೆಕೆಂಡು ಬೇಕು, 1.75 ಮೀಟರ್ ವೇಗದ್ದಕ್ಕೆ ಸುಮಾರು 19 ಸೆಕೆಂಡು. ಆದರೆ ದಾರಿಯಲ್ಲಿ ನಿಲ್ಲುವ ಪ್ರತಿ ಮಹಡಿಗೂ ಬಾಗಿಲು ತೆರೆದು, ಜನ ಹತ್ತಿಳಿದು, ಮತ್ತೆ ಮುಚ್ಚುವಷ್ಟರಲ್ಲಿ ಹತ್ತಿರ ಹತ್ತಿರ 10 ಸೆಕೆಂಡು ಹೋಗುತ್ತದೆ. ಐದು ಕಡೆ ನಿಂತರೆ 50 ಸೆಕೆಂಡು, ಇಡೀ ಪ್ರಯಾಣಕ್ಕಿಂತ ಹೆಚ್ಚು. ಬೆಳಗ್ಗೆ ಎಂಟೂವರೆಗೆ ಲಿಫ್ಟ್ ಬರುವುದೇ ಇಲ್ಲ ಎಂದು ದೂರುವ ಸಂಘದವರು ಕೇಳಬೇಕಾದದ್ದು ಹೆಚ್ಚು ವೇಗದ ಮೋಟಾರನ್ನಲ್ಲ. ನಡುವಿನಿಂದ ಎರಡೂ ಕಡೆಗೆ ಸರಿಯುವ ಬಾಗಿಲು ಒಂದೇ ಪಕ್ಕಕ್ಕೆ ಸರಿಯುವುದಕ್ಕಿಂತ ಬೇಗ ತೆರೆಯುತ್ತದೆ. ಎರಡು ಲಿಫ್ಟುಗಳಿದ್ದರೆ ಒಂದೇ ಕರೆಗೆ ಎರಡೂ ಓಡಿ ಬರದಂತೆ ಅವುಗಳ ನಿಯಂತ್ರಣವನ್ನು ಜೋಡಿಸಬೇಕು. ನನ್ನ ಪ್ರಕಾರ ಸಣ್ಣ ಕಟ್ಟಡಗಳಲ್ಲಿ ಹಣ ಹಾಕಬೇಕಾದದ್ದು ಇಲ್ಲಿ.

ಎರಡನೆಯ ಕಾರಣ ನಮ್ಮ ದೇಹ. ಸಮವೇಗದಲ್ಲಿ ಸಾಗುವುದು ದೇಹಕ್ಕೆ ಗೊತ್ತೇ ಆಗುವುದಿಲ್ಲ, ವೇಗ ಬದಲಾಗುವುದಷ್ಟೇ ಗೊತ್ತಾಗುತ್ತದೆ. ಲಿಫ್ಟಿನೊಳಗೆ ತೂಕದ ಯಂತ್ರವಿಟ್ಟು 60 ಕೆಜಿಯವರೊಬ್ಬರು ನಿಂತರೆ, ಮೇಲೆ ಹೊರಡುವಾಗ ಅದು ಸುಮಾರು 66 ತೋರಿಸುತ್ತದೆ. ನಡುವೆ ವೇಗ ಸಮನಾದಾಗ 60, ಮೇಲೆ ನಿಲ್ಲಲು ಬರುವಾಗ 54. ಈ ಆರು ಕೆಜಿಯ ಏರಿಳಿತ ಸಹನೀಯ. ಅದು ಥಟ್ಟನೆ ಬಂದರೆ ಮಾತ್ರ ಹೊಟ್ಟೆ ತೊಳಸುತ್ತದೆ. ಹಾಗಾಗಿ ವೇಗೋತ್ಕರ್ಷವನ್ನೂ ಒಮ್ಮೆಗೇ ಕೊಡದೆ, ಸುಮಾರು ಒಂದು ಸೆಕೆಂಡಿನಲ್ಲಿ ಸೊನ್ನೆಯಿಂದ ನಿಧಾನವಾಗಿ ಏರಿಸುತ್ತಾರೆ. ಕಸುಬಿನವರು ಜರ್ಕ್ ಎನ್ನುವುದು ಇದನ್ನೇ. ಹೊರಡುವಾಗ ಲಿಫ್ಟ್ ಜಗ್ಗಿದಂತಾದರೆ ದೋಷ ವೇಗದಲ್ಲಿಲ್ಲ. ಮೋಟಾರನ್ನು ನಿಯಂತ್ರಿಸುವ ಡ್ರೈವಿನಲ್ಲಿ ಜರ್ಕಿನ ಹೊಂದಾಣಿಕೆ ತಪ್ಪಿರುತ್ತದೆ, ಅಥವಾ ಬ್ರೇಕ್ ಬಿಡುವ ಹೊತ್ತಿಗೆ ಮೋಟಾರ್ ಭಾರ ಹಿಡಿದಿರುವುದಿಲ್ಲ.

ಕಿವಿಯ ಮಿತಿ ಇನ್ನೂ ಬಿಗಿ. ಸಮುದ್ರಮಟ್ಟದ ಹತ್ತಿರ 440 ಮೀಟರ್ ಏರಿದರೆ ಗಾಳಿಯ ಒತ್ತಡ ಶೇಕಡ 5ರಷ್ಟು ಇಳಿಯುತ್ತದೆ. ಘಾಟಿ ಇಳಿಯುವ ಬಸ್ಸಿನಲ್ಲಿ ಕಿವಿ ಕಟ್ಟಿಕೊಳ್ಳುವುದು ನಮಗೆಲ್ಲ ಗೊತ್ತು, ಅಲ್ಲಿ ಅದಕ್ಕೆ ಅರ್ಧ ಗಂಟೆಯ ಸಮಯವಿರುತ್ತದೆ. ವಿಮಾನದೊಳಗಿನ ಒತ್ತಡವನ್ನು ಇಳಿಯುವಾಗ ಬದಲಿಸುವುದು ಸೆಕೆಂಡಿಗೆ ಸುಮಾರು ಒಂದೂವರೆ ಮೀಟರ್ ಇಳಿದಷ್ಟು ನಿಧಾನವಾಗಿ. ವೇಗದ ಲಿಫ್ಟ್ ಅದರ ಹತ್ತು ಪಟ್ಟಿಗೂ ಮಿಗಿಲು. ಏರುವಾಗ ಕಿವಿಯೊಳಗಿನ ಹೆಚ್ಚುವರಿ ಗಾಳಿ ಗಂಟಲಿಗೆ ತೆರೆಯುವ ನಾಳದ ಮೂಲಕ ತಾನಾಗಿ ಹೊರಬರುತ್ತದೆ. ಇಳಿಯುವಾಗ ಆ ನಾಳ ಒತ್ತಿಕೊಂಡು ಮುಚ್ಚಿಕೊಳ್ಳುತ್ತದೆ, ಎಂಜಲು ನುಂಗಿದರೆ ಮಾತ್ರ ತೆರೆಯುತ್ತದೆ. ಆದ್ದರಿಂದಲೇ ತೈಪೆ 101ರ ಲಿಫ್ಟ್ ಏರುವುದು 16.8 ಮೀಟರ್ ವೇಗದಲ್ಲಾದರೂ ಇಳಿಯುವುದು 10 ಮೀಟರ್ ವೇಗದಲ್ಲಿ. ಅದರ ಕೋಣೆಯೊಳಗಿನ ಒತ್ತಡವನ್ನು ಹದವಾಗಿ ಬದಲಿಸುವ ವ್ಯವಸ್ಥೆಯೂ ಇದೆ.

ನಿಲ್ಲಿಸುವ ಲೆಕ್ಕ

ಲಿಫ್ಟ್ ಎಂಜಿನಿಯರುಗಳ ನಿಜವಾದ ತಲೆನೋವು ಓಡಿಸುವುದಲ್ಲ, ಕೆಟ್ಟಾಗ ನಿಲ್ಲಿಸುವುದು. ಹಗ್ಗ ಹರಿದು ಲಿಫ್ಟ್ ಕೆಳಗೆ ಬೀಳುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಸಾಮಾನ್ಯವಾಗಿ ಹಗ್ಗಗಳು ಹಲವಿರುತ್ತವೆ, ಒಂದೊಂದೂ ಇಡೀ ಭಾರವನ್ನು ಹೊರಬಲ್ಲದು. ಬ್ರೇಕ್ ಜಾರಿದರೆ ಆಗುವುದು ಹಲವು ಸಲ ಇದರ ತಿರುಗುಮುರುಗು: ಲಿಫ್ಟ್ ಮೇಲಕ್ಕೆ ಓಡುತ್ತದೆ. ಎಂಟು ಜನರ ಲಿಫ್ಟ್ ತೆಗೆದುಕೊಳ್ಳಿ. ತಲಾ 68 ಕೆಜಿಯಂತೆ ಅದರ ಸಾಮರ್ಥ್ಯ 544 ಕೆಜಿ. ಕೋಣೆಯ ತೂಕ 800 ಕೆಜಿ ಎಂದಿಟ್ಟುಕೊಂಡರೆ, ಎದುರು ತೂಗುವ ಕೌಂಟರ್‌ವೇಟಿಗೆ ಕೋಣೆಯ ತೂಕದ ಜೊತೆ ಸಾಮರ್ಥ್ಯದ ಅರ್ಧವನ್ನು ಕೂಡಿಸಿ 1072 ಕೆಜಿ ಇಡುತ್ತಾರೆ. ಒಬ್ಬರೇ ಒಳಗಿದ್ದರೆ ಈ ಕಡೆ 868, ಆ ಕಡೆ 1072. ಬ್ರೇಕ್ ಹಿಡಿಯದಿದ್ದರೆ ಇಳಿಯುವುದು ಕೌಂಟರ್‌ವೇಟ್, ಏರುವುದು ನೀವು. ಮೇಲ್ಮುಖವಾಗಿ ವೇಗ ಮೀರಿದರೂ ತಡೆಯುವ ಸಾಧನ ಇದೆಯೇ ಎಂದು ಹಳೆಯ ಲಿಫ್ಟ್ ಇರುವ ಕಟ್ಟಡದವರು ಕೇಳಿ ತಿಳಿಯಬೇಕು. ಹಿಂದಿನ ಎಷ್ಟೋ ಲಿಫ್ಟುಗಳಲ್ಲಿ ಅದಿಲ್ಲ.

ವೇಗವನ್ನು ಕಾಯುವ ಯಂತ್ರದ ಹೆಸರು ಗವರ್ನರ್. ನಿಗದಿತ ವೇಗದ ಮೇಲೆ ಕನಿಷ್ಠ ಶೇಕಡ 15 ಮೀರಿದಾಗ ಅದು ಕೋಣೆಗೆ ಕಟ್ಟಿದ ತನ್ನದೇ ಬೇರೆ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಅದಕ್ಕೂ ಮೊದಲೇ ಒಂದು ಸ್ವಿಚ್ಚು ಮೋಟಾರಿನ ಕರೆಂಟ್ ಕಡಿದಿರುತ್ತದೆ. ಹಗ್ಗ ನಿಂತು ಕೋಣೆ ಇನ್ನೂ ಇಳಿಯುತ್ತಿದ್ದರೆ, ಕೋಣೆಯ ಅಡಿಯ ಬೆಣೆಗಳು ಮೇಲೆದ್ದು, ಕೋಣೆ ಹಿಡಿದು ಸಾಗುವ ಕಂಬಿಗಳಾದ ಗೈಡ್ ರೈಲುಗಳನ್ನು ಎರಡೂ ಕಡೆಯಿಂದ ಅವುಚಿಕೊಳ್ಳುತ್ತವೆ. ಸೆಕೆಂಡಿಗೆ 1 ಮೀಟರ್ ಮೀರಿದ ಲಿಫ್ಟುಗಳಲ್ಲಿ ಈ ಹಿಡಿತ ಹಂತ ಹಂತವಾಗಿ ಬಿಗಿಯಾಗಬೇಕು, ಇಲ್ಲವಾದರೆ ನಿಲ್ಲುವ ಹೊಡೆತಕ್ಕೇ ಜನರ ಮೂಳೆ ಮುರಿಯುತ್ತದೆ. ಕಟ್ಟಕಡೆಯ ಆಸರೆ ಲಿಫ್ಟಿನ ದಾರಿಯ ತಳದಲ್ಲಿ ತೋಡಿದ ಗುಂಡಿಯಲ್ಲಿರುವ, ಕುಗ್ಗಿ ಹೊಡೆತ ನುಂಗುವ ಎಣ್ಣೆಯ ಬಫರ್. ಅದು ಎಷ್ಟು ಕುಗ್ಗಬೇಕೆಂಬುದು ವೇಗದ ವರ್ಗದ ಮೇಲೆ ನಿಂತಿದೆ: 1 ಮೀಟರ್ ವೇಗಕ್ಕೆ 6.7 ಸೆಂಟಿಮೀಟರ್, 2.5 ಮೀಟರ್ ವೇಗಕ್ಕೆ 42 ಸೆಂಟಿಮೀಟರ್, 10 ಮೀಟರ್ ವೇಗಕ್ಕೆ 6.7 ಮೀಟರ್. 20 ಮೀಟರ್ ವೇಗಕ್ಕೆ ಬೇಕಾಗುವುದು 27 ಮೀಟರ್, ಎಂದರೆ ಒಂಬತ್ತು ಮಹಡಿಯಷ್ಟು! ಅಷ್ಟು ಆಳದ ಗುಂಡಿ ತೋಡಲಾಗದು. ಹಾಗಾಗಿ ಕೊನೆಯ ಮಹಡಿ ಹತ್ತಿರವಾಗುತ್ತಿದ್ದಂತೆ ವೇಗ ಇಳಿದಿದೆಯೇ ಎಂದು ಪ್ರತ್ಯೇಕವಾಗಿ ಪರೀಕ್ಷಿಸುವ ವ್ಯವಸ್ಥೆ ಇದ್ದರೆ ಚಿಕ್ಕ ಬಫರಿಗೆ ನಿಯಮ ಅವಕಾಶ ಕೊಡುತ್ತದೆ.

ಹಗ್ಗಕ್ಕೂ ಮಿತಿಯಿದೆ. ಸುಮಾರು 500 ಮೀಟರ್ ದಾಟಿದರೆ ಉಕ್ಕಿನ ಹಗ್ಗ ತನ್ನದೇ ತೂಕಕ್ಕೆ ಬಳಲುತ್ತದೆ. ಲಿಫ್ಟ್ ತಯಾರಿಸುವ ಕೋನೆ ಕಂಪನಿ 2013ರಲ್ಲಿ ಕಾರ್ಬನ್ ನಾರಿನ ಹಗುರ ಹಗ್ಗ ತಂದದ್ದು ಇದನ್ನು ಸಾವಿರ ಮೀಟರಿಗೆ ಒಯ್ಯಲು.

ರಾಕೆಟ್ಟಿಗೆ ಏಕೆ ಅಷ್ಟು ವೇಗ?

ಒಂದು ಕೆಜಿ ವಸ್ತುವನ್ನು 400 ಕಿಲೋಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 3.7 ಮೆಗಾಜೂಲ್. ಅದೇ ಎತ್ತರದಲ್ಲಿ ಅದು ಕಕ್ಷೆಯಲ್ಲಿ ಉಳಿಯುವಷ್ಟು ವೇಗ ಕೊಡಲು ಬೇಕಾದದ್ದು ಸುಮಾರು 29 ಮೆಗಾಜೂಲ್, ಎಂದರೆ ಎತ್ತರಕ್ಕಿಂತ ಎಂಟು ಪಟ್ಟು. ಹೋಲಿಕೆಗೆ, ಕೋಣೆ, ಕೌಂಟರ್‌ವೇಟ್, ಹಗ್ಗ ಎಲ್ಲ ಸೇರಿ 10 ಟನ್ ತೂಗುವ ಲಿಫ್ಟ್ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಓಡುವಾಗ ಅದರ ಚಲನಶಕ್ತಿ 2 ಮೆಗಾಜೂಲ್ ಮಾತ್ರ. ಕಕ್ಷೆಯಲ್ಲಿರುವ ಒಂದು ಕೆಜಿ ಅಕ್ಕಿಯ ಚೀಲದಲ್ಲಿ ಅದರ ಹದಿನೈದು ಪಟ್ಟು ಶಕ್ತಿ ಅಡಗಿರುತ್ತದೆ.

400 ಕಿಲೋಮೀಟರ್ ಎತ್ತರದಲ್ಲಿ ಗುರುತ್ವ ಮಾಯವಾಗಿರುವುದಿಲ್ಲ. ನೆಲದ ಮೇಲಿನದರ ಶೇಕಡ 89ರಷ್ಟು ಇರುತ್ತದೆ. ನಿಲ್ದಾಣವೂ ಪ್ರತಿ ಕ್ಷಣ ಬೀಳುತ್ತಿದೆ. ಆದರೆ ಅಡ್ಡಕ್ಕೆ ಎಷ್ಟು ವೇಗವಾಗಿ ಸಾಗುತ್ತಿದೆಯೆಂದರೆ, ಅದು ಬಿದ್ದಷ್ಟೇ ಭೂಮಿಯ ಮೇಲ್ಮೈಯೂ ಬಾಗಿ ಕೆಳಗೆ ಸರಿದಿರುತ್ತದೆ. ಒಳಗಿರುವವರು ತೇಲುವುದು ನೌಕೆಯ ಜೊತೆಗೇ ಬೀಳುತ್ತಿರುವುದರಿಂದ. ತೂಕದ ಯಂತ್ರ 54ಕ್ಕೆ ಇಳಿದದ್ದು ನೆನಪಿದೆಯಲ್ಲ? ಅದೇ ಇಳಿಕೆಯನ್ನು ಪೂರ್ತಿ ಮಾಡಿದರೆ ಸೊನ್ನೆ.

ಆ ವೇಗ ಕೊಡುವ ಬಗೆಯಲ್ಲಿ ಲಿಫ್ಟಿಗೂ ರಾಕೆಟ್ಟಿಗೂ ಇರುವ ವ್ಯತ್ಯಾಸವನ್ನು ಚಂದ್ರಯಾನ-3ರಲ್ಲಿ ನೋಡಬಹುದು. 2023ರ ಜುಲೈ 14ರಂದು ಶ್ರೀಹರಿಕೋಟಾದಿಂದ ಹೊರಟ ಎಲ್‌ವಿಎಂ3 ರಾಕೆಟ್ ಸುಮಾರು 16 ನಿಮಿಷದಲ್ಲಿ ನೌಕೆಯನ್ನು ಸೆಕೆಂಡಿಗೆ 10 ಕಿಲೋಮೀಟರ್ ಮೀರಿದ ವೇಗಕ್ಕೆ ತಂದು ಬಿಟ್ಟಿತು. ಸರಾಸರಿ ಹಾಕಿದರೆ ಪ್ರತಿ ಸೆಕೆಂಡಿಗೆ ಸುಮಾರು 10 ಮೀಟರ್ ವೇಗ ಏರಿದೆ, ಲಿಫ್ಟಿನ ಹತ್ತು ಪಟ್ಟು. ಲಿಫ್ಟ್ 20 ಸೆಕೆಂಡು ತಳ್ಳಿ ಸುಮ್ಮನಾಗುತ್ತದೆ, ರಾಕೆಟ್ 16 ನಿಮಿಷ ಬಿಡದೆ ತಳ್ಳುತ್ತದೆ. ಇದರಲ್ಲಿ ಸೆಕೆಂಡಿಗೆ 450 ಮೀಟರಿನಷ್ಟು ಭೂಮಿಯೇ ಕೊಟ್ಟ ಉಡುಗೊರೆ. ಪೂರ್ವಕ್ಕೆ ತಿರುಗುವ ನೆಲದಿಂದ ಪೂರ್ವಕ್ಕೇ ಹಾರಿದ್ದರ ಫಲ.

ಇದರ ಬೆಲೆ ಇಂಧನ. ಲಿಫ್ಟಿನ ಮೋಟಾರ್ ಕಟ್ಟಡದ ಮೇಲೆ ಕೂತಿರುತ್ತದೆ, ರಾಕೆಟ್ ತನ್ನ ಇಂಧನವನ್ನು ತಾನೇ ಹೊರಬೇಕು. ಹೊರಬೀಳುವ ಅನಿಲದ ವೇಗದಷ್ಟೇ ವೇಗ ರಾಕೆಟ್ಟಿಗೂ ಬೇಕಾದರೆ, ಹೊರಡುವಾಗಿನ ತೂಕ ಕೊನೆಯಲ್ಲಿ ಉಳಿಯುವ ತೂಕದ 2.7 ಪಟ್ಟು ಇರಬೇಕು. ಅನಿಲದ ಎರಡು ಪಟ್ಟು ವೇಗಕ್ಕೆ 7.4 ಪಟ್ಟು, ಮೂರು ಪಟ್ಟು ವೇಗಕ್ಕೆ 20 ಪಟ್ಟು. ಅನಿಲದ ವೇಗ ಇಂಧನಕ್ಕೆ ತಕ್ಕಂತೆ ಸೆಕೆಂಡಿಗೆ ಸುಮಾರು 2.5ರಿಂದ 4.4 ಕಿಲೋಮೀಟರ್. ಗಾಳಿ ಮತ್ತು ಗುರುತ್ವಕ್ಕೆ ತೆರುವ ಸುಂಕವೂ ಸೇರಿ ಕೆಳಗಿನ ಕಕ್ಷೆ ಮುಟ್ಟಲು ಸುಮಾರು 9.4 ಕಿಲೋಮೀಟರ್ ವೇಗದ ಸಾಮರ್ಥ್ಯ ಬೇಕು. ಅದಕ್ಕೇ 640 ಟನ್ನಿನ ಎಲ್‌ವಿಎಂ3 ಸಾಗಿಸಿದ ಚಂದ್ರಯಾನದ ತೂಕ 3.9 ಟನ್ ಮಾತ್ರ. ಖಾಲಿಯಾದ ಹಂತಗಳನ್ನು ದಾರಿಯಲ್ಲೇ ಕಳಚುವುದೂ ಇದೇ ಕಾರಣಕ್ಕೆ.

ಮನುಷ್ಯರಿದ್ದರೆ ಇಲ್ಲೂ ದೇಹದ ಮಿತಿ ಅಡ್ಡ ಬರುತ್ತದೆ. ಇಂಧನ ಮುಗಿಯುತ್ತಾ ರಾಕೆಟ್ ಹಗುರವಾದಂತೆ ಅದೇ ಎಂಜಿನ್ನಿನ ತಳ್ಳು ಹೆಚ್ಚು ವೇಗೋತ್ಕರ್ಷ ಕೊಡುತ್ತದೆ. ಅಮೆರಿಕದ ಶಟಲ್‌ನಲ್ಲಿ ಅದು ಗುರುತ್ವದ ಮೂರು ಪಟ್ಟು ಮೀರದಂತೆ ಎಂಜಿನ್ನನ್ನು ತಗ್ಗಿಸುತ್ತಿದ್ದರು. ಯಾನಿಗಳನ್ನು ನಿಲ್ಲಿಸದೆ ಅಂಗಾತ ಮಲಗಿಸುವುದು ರಕ್ತ ತಲೆಯಿಂದ ಕಾಲಿಗೆ ಇಳಿಯದಿರಲಿ ಎಂದು.

ಎಂಜಿನ್ ನಿಂತ ಮೇಲೂ ವೇಗ ಒಂದೇ ಸಮ ಇರುವುದಿಲ್ಲ. ಚಂದ್ರಯಾನ-3ರ ಮೊದಲ ಕಕ್ಷೆ ಭೂಮಿಯಿಂದ ಹತ್ತಿರದಲ್ಲಿ ಸುಮಾರು 170, ದೂರದಲ್ಲಿ ಸುಮಾರು 36,500 ಕಿಲೋಮೀಟರ್. ಹತ್ತಿರದ ತುದಿಯಲ್ಲಿ ಅದರ ವೇಗ ಸೆಕೆಂಡಿಗೆ 10.3 ಕಿಲೋಮೀಟರ್, ದೂರದ ತುದಿಯಲ್ಲಿ 1.6. ಮೇಲೆಸೆದ ಕಲ್ಲು ನಿಧಾನವಾಗಿ ಮತ್ತೆ ಮರಳುವಾಗ ವೇಗ ಪಡೆಯುವಂತೆಯೇ ಇದು. ಹಾಗಾಗಿ "ಆ ನೌಕೆಯ ವೇಗ ಎಷ್ಟು" ಎಂಬ ಪ್ರಶ್ನೆಗೆ "ಎಲ್ಲಿದ್ದಾಗ, ಯಾವುದಕ್ಕೆ ಹೋಲಿಸಿ" ಎಂದು ಮರುಪ್ರಶ್ನೆ ಹಾಕಲೇಬೇಕು. 2006ರಲ್ಲಿ ಪ್ಲೂಟೊ ಕಡೆಗೆ ಹೊರಟ ನಾಸಾದ ನ್ಯೂ ಹೊರೈಜನ್ಸ್ ನೌಕೆ ಭೂಮಿಯನ್ನು ಬಿಟ್ಟದ್ದು ಸೆಕೆಂಡಿಗೆ 16.26 ಕಿಲೋಮೀಟರ್ ವೇಗದಲ್ಲಿ. ಚಂದ್ರನ ಕಕ್ಷೆಯನ್ನು ಒಂಬತ್ತೇ ಗಂಟೆಯಲ್ಲಿ ದಾಟಿತು. ಸೂರ್ಯನನ್ನು ಅಧ್ಯಯನ ಮಾಡುವ ನಾಸಾದ ಪಾರ್ಕರ್ ನೌಕೆ 2024ರ ಡಿಸೆಂಬರ್ 24ರಂದು ಸೂರ್ಯನ ಬಳಿ ಸೆಕೆಂಡಿಗೆ ಸುಮಾರು 192 ಕಿಲೋಮೀಟರ್ ವೇಗ ಮುಟ್ಟಿತು. ಬೆಂಗಳೂರಿನಿಂದ ಮೈಸೂರಿಗೆ ಒಂದು ಸೆಕೆಂಡೂ ಬೇಡ. ಆ ವೇಗ ಎಂಜಿನ್ನಿನದಲ್ಲ, ಸೂರ್ಯನ ಕಡೆಗೆ ಬಿದ್ದದ್ದರಿಂದ ಬಂದದ್ದು. ಹಾಗೆ ಬೀಳುವಂತಾಗಲು ಅದು ಶುಕ್ರನನ್ನು ಏಳು ಸಲ ಹಾದು ತನ್ನ ಅಡ್ಡವೇಗವನ್ನು ಕಳೆದುಕೊಳ್ಳಬೇಕಾಯಿತು.

ಸೆಕೆಂಡಿಗೆ ಒಂದು ಸೆಂಟಿಮೀಟರ್

ಇಷ್ಟು ವೇಗದ ಎರಡು ನೌಕೆಗಳು ಒಂದನ್ನೊಂದು ಸೇರುವುದು ಹೇಗೆ? ಇಸ್ರೋದ ಸ್ಪೇಡೆಕ್ಸ್ ಪ್ರಯೋಗದಲ್ಲಿ 2025ರ ಜನವರಿ 16ರಂದು ತಲಾ 220 ಕೆಜಿಯ ಎರಡು ಉಪಗ್ರಹಗಳು ಸುಮಾರು 475 ಕಿಲೋಮೀಟರ್ ಎತ್ತರದಲ್ಲಿ ಜೋಡಿಕೊಂಡವು. ಎರಡೂ ಸೆಕೆಂಡಿಗೆ 7.6 ಕಿಲೋಮೀಟರ್ ವೇಗದಲ್ಲಿದ್ದವು. ಆದರೆ ಒಂದರ ಹತ್ತಿರ ಇನ್ನೊಂದು ಸರಿಯುವ ವೇಗವನ್ನು ಸೆಕೆಂಡಿಗೆ 10 ಮಿಲಿಮೀಟರಿನ ಆಸುಪಾಸಿಗೆ ಇಳಿಸಲಾಗಿತ್ತು. ಒಳ್ಳೆಯ ಲಿಫ್ಟ್ ಮಹಡಿಯ ಮಟ್ಟಕ್ಕೆ ಸರಿಯಾಗಿ ನಿಲ್ಲುವಾಗ ಒಪ್ಪುವ ತಪ್ಪೂ ಅಷ್ಟೇ, 10 ಮಿಲಿಮೀಟರ್. ಆದರೆ ಲಿಫ್ಟಿಗೆ ಹಿಡಿದುಕೊಳ್ಳಲು ರೈಲಿದೆ. ಕಕ್ಷೆಯಲ್ಲಿ ಮುಂದಿರುವುದನ್ನು ಹಿಡಿಯಲೆಂದು ಎಂಜಿನ್ ಉರಿಸಿ ಮುನ್ನುಗ್ಗಿದರೆ ಕಕ್ಷೆ ಮೇಲೇರಿ ಸುತ್ತಿನ ಅವಧಿ ಹೆಚ್ಚುತ್ತದೆ. ಸ್ವಲ್ಪ ಹೊತ್ತಿನಲ್ಲಿ ಇನ್ನಷ್ಟು ಹಿಂದೆ ಬೀಳುತ್ತೀರಿ. ಹಿಡಿಯಬೇಕಾದರೆ ಮೊದಲು ವೇಗ ತಗ್ಗಿಸಿ ಕೆಳಗಿನ ಕಕ್ಷೆಗೆ ಇಳಿಯಬೇಕು. ಸ್ಪೇಡೆಕ್ಸ್‌ನಲ್ಲಿ ಅಂತರ ಕಡಿಮೆ ಮಾಡುವಾಗ ಎಣಿಸಿದ್ದಕ್ಕಿಂತ ಹೆಚ್ಚು ಸರಿದಾಟ ಕಂಡುಬಂದು, ಜನವರಿ 9ಕ್ಕೆ ಗೊತ್ತುಮಾಡಿದ್ದ ಜೋಡಣೆಯನ್ನು ಮುಂದೂಡಿದ್ದರು.

ನಿಲ್ಲಿಸುವುದೇ ಕಷ್ಟ ಎಂಬ ಮಾತು ಇಲ್ಲೂ ನಿಜ. ಬಾಹ್ಯಾಕಾಶ ನಿಲ್ದಾಣದಿಂದ ಮರಳುವ ರಷ್ಯಾದ ಸೋಯೂಜ್ ನೌಕೆ ತನ್ನ ವೇಗದಲ್ಲಿ ಸೆಕೆಂಡಿಗೆ 120 ಮೀಟರಿನಷ್ಟನ್ನು ಮಾತ್ರ ಎಂಜಿನ್ನಿನಿಂದ ಕಳೆಯುತ್ತದೆ. ಉಳಿದದ್ದನ್ನೆಲ್ಲ ವಾತಾವರಣದ ಗಾಳಿ, ಆಮೇಲೆ ಪ್ಯಾರಾಚೂಟು ತಿನ್ನುತ್ತವೆ. ನೆಲಕ್ಕೆ ಒಂದು ಮೀಟರಿಗಿಂತ ಕಡಿಮೆ ಇರುವಾಗ ಸಣ್ಣ ರಾಕೆಟ್ಟುಗಳು ಉರಿದು, ಸುಮಾರು 7 ಮೀಟರ್ ಇದ್ದ ವೇಗವನ್ನು ಒಂದೂವರೆ ಮೀಟರಿಗೆ ತರುತ್ತವೆ.

ಚಂದ್ರನಲ್ಲಿ ಗಾಳಿಯಿಲ್ಲ, ಎಲ್ಲವನ್ನೂ ಎಂಜಿನ್ನೇ ಮಾಡಬೇಕು. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಲ್ಯಾಂಡರ್ 30 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ 1.68 ಕಿಲೋಮೀಟರ್ ವೇಗದಲ್ಲಿತ್ತು. 690 ಸೆಕೆಂಡುಗಳ ಮೊದಲ ಹಂತದಲ್ಲಿ ಅದನ್ನು 358 ಮೀಟರಿಗೆ ಇಳಿಸುವ ಯೋಜನೆ. ಭಾಗಿಸಿ ನೋಡಿದರೆ ಪ್ರತಿ ಸೆಕೆಂಡಿಗೆ 2 ಮೀಟರಿಗೂ ಕಡಿಮೆ ಇಳಿಕೆ, ಲಿಫ್ಟ್ ನಿಲ್ಲುವುದರ ಎರಡು ಪಟ್ಟು ಮಾತ್ರ. ಅಪಾಯ ಇದ್ದದ್ದು ಬಿರುಸಿನಲ್ಲಲ್ಲ, ಸಣ್ಣ ತಪ್ಪುಗಳು ಹನ್ನೊಂದೂವರೆ ನಿಮಿಷ ಕೂಡುತ್ತಾ ಹೋಗುವುದರಲ್ಲಿ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ಲ್ಯಾಂಡರಿಗೆ ಆದದ್ದು ಅದೇ. ಐದು ಎಂಜಿನ್‌ಗಳು ಎಣಿಸಿದ್ದಕ್ಕಿಂತ ಹೆಚ್ಚು ತಳ್ಳಿದವು, ದೋಷ ಕೂಡುತ್ತಾ ಬಂತು. ಸರಿಪಡಿಸಲು ನೌಕೆ ಬೇಗ ತಿರುಗಬೇಕಾದಾಗ ತಿರುಗುವ ವೇಗದ ಮಿತಿ ಅಡ್ಡಬಂತು, ಇಳಿಯಬೇಕಾದ ಜಾಗವೂ 500 ಮೀಟರ್ ಚೌಕದಷ್ಟು ಚಿಕ್ಕದಾಗಿತ್ತು. ಮುಂದಿನ ಸಲ ಎಂಜಿನ್‌ಗಳನ್ನು ನಾಲ್ಕಕ್ಕೆ ಇಳಿಸಿದರು, ಜಾಗವನ್ನು 4 ಕಿಲೋಮೀಟರ್‌ಗೆ 2.4 ಕಿಲೋಮೀಟರಿನಷ್ಟು ಹಿಗ್ಗಿಸಿದರು.

ಕಾಲುಗಳನ್ನೂ ಬಲಪಡಿಸಿದರು. ಮೊದಲು ನೆಲಮುಟ್ಟುವ ವೇಗ ಸೆಕೆಂಡಿಗೆ 2 ಮೀಟರ್ ಇದ್ದರೆ ತಡೆಯಬಲ್ಲವಾಗಿದ್ದವು, ಈ ಸಲ 3 ಮೀಟರ್ ತಡೆಯುವಂತೆ ಕಟ್ಟಿದರು. ಎರಡೂ ಅಪಾರ್ಟ್‌ಮೆಂಟ್ ಲಿಫ್ಟಿನ ಆಸುಪಾಸಿನ ವೇಗಗಳೇ. ಗುಂಡಿಯ ಬಫರಿನ ಲೆಕ್ಕವೇ ಇಲ್ಲೂ ಅನ್ವಯಿಸುತ್ತದೆ: 2ರಿಂದ 3ಕ್ಕೆ ಏರಿದರೆ ಕಾಲುಗಳು ನುಂಗಬೇಕಾದ ಹೊಡೆತದ ಶಕ್ತಿ ಎರಡೂಕಾಲು ಪಟ್ಟು.